ಬೆಂಡಿನ ಹೊಗಿ ಹಿಂಗಿರಂಗಿಲ್ಲ

ಹೊಗೆಯ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯ ಹರಪನಹಳ್ಳಿಯಲ್ಲಿ ಇನ್ನೂ ಹುಟ್ಟಬೇಕು. ಮಳೆ ಯಾವಾಗ ಬರುತ್ತದೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುವವರು, ಯಾರಿಗೆ ಓಟು ಹಾಕಿದೆ ಎಂದು ಕೇಳಿದರೆ ಆಕಾಶ ನೋಡುವವರು, ದೂರದಲ್ಲೊಂದು ಹೊಗೆ ಕಂಡರೆ ಸಾಕು, ನಿಂತು ಬಿಡುತ್ತಾರೆ. ಅದು ಹತ್ತಿಕಡ್ಡಿಯದೋ ಜಾಲಿಯದೋ, ಹಸಿಯೋ ಒಣಗಿದ್ದೋ, ಒಲೆ ಊದುತ್ತಿರುವವಳು ಅತ್ತೆಯೋ ಸೊಸೆಯೋ ಎಲ್ಲವನ್ನೂ ಹೇಳಿ ಮುಂದೆ ಹೋಗುತ್ತಾರೆ. ಈ ಸಂಗತಿ ಪ್ರಿಯಾಗೆ ಇಪ್ಪತ್ಮೂರು ವರ್ಷ ಗೊತ್ತಿರಲಿಲ್ಲ. ಗೊತ್ತಾದದ್ದು ಎರಡು ಸಾವಿರದ ನಾಲ್ಕನೇ ಇಸವಿಯ ಜನವರಿಯಲ್ಲಿ, ಅವಳು ಕಂಪ್ಯೂಟರಿನೊಳಗೆ ಒಂದು ಬೆಂಕಿ ಹಚ್ಚಿದ ಮೇಲೆ.

ಪ್ರಿಯಾ ಪಾಠ ಹೇಳುತ್ತಿದ್ದದ್ದು ಕೊಟ್ಟೂರು ರಸ್ತೆಯ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ. ಕೇಂದ್ರ ಎಂದರೆ ನಾಲ್ಕು ಕಂಪ್ಯೂಟರು, ಆರು ಕುರ್ಚಿ, ಚಪ್ಪಲಿ ಹೊರಗೆ ಬಿಡಿ ಎಂಬ ಒಂದು ಬೋರ್ಡು. ಅದನ್ನು ನಡೆಸುತ್ತಿದ್ದವನು ಅರುಣಕುಮಾರ್. ಅವನ ತಂದೆ ಉಜ್ಜಿನಪ್ಪ ಮೆಕ್ಕೆಜೋಳದ ವ್ಯಾಪಾರಿ, ಊರಿನವರ ಬಾಯಲ್ಲಿ ಸಾವ್ಕಾರ್ರು. ಕೇಂದ್ರದ ಹಿಂದೆಯೇ ಅವರ ಯಾರ್ಡು. ಅಲ್ಲಿ ತೆನೆಯಿಂದ ಕಾಳು ಬಿಡಿಸುವ ಯಂತ್ರ, ತೂಕದ ಕಾಟಾ, ಒಂದು ಬಾವಿ, ಒಂದು ಬೇವಿನ ಮರ, ಮತ್ತು ನಟ್ಟ ನಡುವೆ ಬೆಂಡಿನ ರಾಶಿ. ಕಾಳು ಬಿಡಿಸಿದ ಮೇಲೆ ತೆನೆಯಲ್ಲಿ ಉಳಿಯುವುದೇ ಬೆಂಡು. ಇಟ್ಟಿಗೆ ಭಟ್ಟಿಯವರು ಉರುವಲಿಗೆ ಒಯ್ಯುವ ತನಕ ಅದು ಬಿದ್ದಿರುತ್ತದೆ. ಆ ವರ್ಷ ರಾಶಿ ಮಾಳಿಗೆಯೆತ್ತರ ಬೆಳೆದಿತ್ತು. ಕಾಟಾದ ಮುಂದೆ ಹದಿನೆಂಟು ವರ್ಷದಿಂದ ಕೂತು ತೂಕ ಹೇಳುತ್ತಿದ್ದವನು ರಾಮಣ್ಣ, ಪ್ರಿಯಾಳ ಅಪ್ಪ.

ರಾಶಿಗೆ ಬೆಂಕಿ ಬಿದ್ದದ್ದು ಸಂಕ್ರಾಂತಿ ಕಳೆದ ಮೇಲಿನ ಗುರುವಾರ ಮಧ್ಯಾಹ್ನ. ಹಮಾಲರು ಊಟಕ್ಕೆ ಹೋಗಿದ್ದರು. ಉಜ್ಜಿನಪ್ಪ ಹನ್ನೊಂದರ ಬಸ್ಸಿಗೆ ಕೊಟ್ಟೂರಿಗೆಂದು ಹೊರಟಿದ್ದರು. ರಾಮಣ್ಣ ಒಬ್ಬನೇ ರಾಶಿಯ ಈಚೆ ಕಾಟಾದ ಹತ್ತಿರ ಬುತ್ತಿ ಬಿಚ್ಚಿದ್ದ. ರಾಶಿಯ ನೆತ್ತಿ ದಾಟಿ ಇಳಿದ ಹೊಗೆ ಅವನ ಅನ್ನದ ಮೇಲೆ ಬಂದು ಕೂತಾಗಲೇ ಅವನಿಗೆ ಗೊತ್ತಾದದ್ದು. ಕೂಗಿಕೊಂಡ, ಬಾವಿಗೆ ಓಡಿದ. ಹಮಾಲರ ಹಿರಿಯ ಪಕ್ಕೀರಪ್ಪ ಎಲ್ಲರಿಗಿಂತ ಮೊದಲು ಓಡಿಬಂದ, ಹಿಂದೆಯೇ ಉಳಿದವರು. ಯಂತ್ರ ಉಳಿಯಿತು, ಚೀಲಗಳು ಉಳಿದವು, ಬೇವಿನ ಮರ ಉಳಿಯಿತು, ರಾಶಿ ಉಳಿಯಲಿಲ್ಲ. ರಾಮಣ್ಣನ ಎರಡೂ ಮುಂಗೈಯ ಕೂದಲು ಸುಟ್ಟುಹೋದವು. ಸಂಜೆ ಐದಕ್ಕೆ ಉಜ್ಜಿನಪ್ಪ ಹಣೆಯ ತುಂಬ ಕೊಟ್ಟೂರಿನ ವಿಭೂತಿ ಬಳಿದುಕೊಂಡು, ಕೈಯಲ್ಲಿ ಮಂಡಕ್ಕಿ ಪೊಟ್ಟಣ ಹಿಡಿದು ಬಂದರು. ಬೂದಿಯನ್ನು ನೋಡಿದರು, ಪೊಟ್ಟಣವನ್ನು ಪಕ್ಕೀರಪ್ಪನ ಕೈಗೆ ಕೊಟ್ಟರು, "ಬೀಡಿ" ಎಂದರು.

ಬೀಡಿ ಎಂದ ಮೇಲೆ ಮುಗಿಯಿತು. ಯಾರ್ಡಿನಲ್ಲಿ ಬೀಡಿ ಸೇದುವವನು ರಾಮಣ್ಣ ಒಬ್ಬನೇ. ಹಮಾಲರೆಲ್ಲ ಎಲೆಯಡಿಕೆಯವರು. ಉಜ್ಜಿನಪ್ಪನೂ ಹಿಂದೆ ಸೇದುತ್ತಿದ್ದರು, ಕಟ್ಟುಗಟ್ಟಲೆ ಸೇದುತ್ತಿದ್ದರು. ಎರಡು ವರ್ಷದ ಹಿಂದೆ ಕೆಮ್ಮು ವಿಪರೀತವಾದಾಗ ಹೆಂಡತಿ ದಾಕ್ಷಾಯಣಮ್ಮ ಅವರನ್ನು ಉಚ್ಚಂಗಿದುರ್ಗಕ್ಕೆ ಕರೆದೊಯ್ದು, ಅಷ್ಟೂ ಮೆಟ್ಟಿಲು ಹತ್ತಿಸಿ, ಗುಡಿಯ ಅಮ್ಮನ ಮುಂದೆ ಆಣೆ ಮಾಡಿಸಿ ಬಿಡಿಸಿದ್ದರು. ಅಂದಿನಿಂದ ಬೀಡಿಯ ಕೆಡುಕಿನ ಬಗ್ಗೆ ಊರಿನಲ್ಲಿ ಅವರಷ್ಟು ಚೆನ್ನಾಗಿ ಮಾತಾಡುವವರು ಇರಲಿಲ್ಲ. ಇನ್ನು ರಾಮಣ್ಣ ಯಾರ್ಡಿನೊಳಗೆ ಒಂದು ದಿನ ಕಡ್ಡಿ ಗೀರಿದವನಲ್ಲ. ಬೀಡಿ ಬೇಕೆನಿಸಿದರೆ ಎದ್ದು, ಗೇಟು ದಾಟಿ, ಚಹಾ ಅಂಗಡಿಯ ಮುಂದೆ ನಿಂತು ಸೇದಿ, ಹಿಮ್ಮಡಿಯಲ್ಲಿ ಹೊಸಕಿ ಒಳಗೆ ಬರುತ್ತಿದ್ದ. ಹದಿನೆಂಟು ವರ್ಷ ಇದನ್ನು ನೋಡಿದವರಿಗೆ ಅವತ್ತು ಒಬ್ಬರಿಗೂ ಅದು ನೆನಪಾಗಲಿಲ್ಲ.

"ನಷ್ಟ ಗಿಷ್ಟ ನಾನು ಕೇಳಂಗಿಲ್ಲ" ಎಂದರು ಉಜ್ಜಿನಪ್ಪ, ದೊಡ್ಡ ಮನಸ್ಸಿನಿಂದ. "ಈ ಭಾನುವಾರ ಬ್ಯಾಡ, ಮುಂದಿನ ಭಾನುವಾರ ಎಲ್ಲಾರೂ ಸೇರೋಣ. ಎಲ್ಲಾರ ಮುಂದ ನನ್ನ ಬೀಡಿಲಿಂದ ಆತು ಅಂತ ಒಂದು ಮಾತು ಹೇಳು. ಸೋಮವಾರ ಬಂದು ಕಾಟಾಕ್ಕ ಕುಂದ್ರು."

"ನಾನು ಹಚ್ಚಿಲ್ರಿ."

"ಮತ್ತ ಯಾರು ಹಚ್ಚಿದ್ರು?"

ರಾಮಣ್ಣ ಹೆಗಲ ಮೇಲಿನ ಟವೆಲನ್ನು ಕೊಡವಿ, ಮತ್ತೆ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ.

ಮನೆಯಲ್ಲಿ ಮಾಳಮ್ಮ ಗಂಡನನ್ನು ಸುಮ್ಮನೆ ಬಿಡಲಿಲ್ಲ. "ಅಂದು ಬಂದುಬಿಡು. ಒಂದು ಮಾತಿಗೆ ಬಾಯಿ ಸವೀತೈತೇನು."

"ನಾನು ಹಚ್ಚಿಲ್ಲ."

"ಯಾರು ಹಚ್ಚಿದ್ರು ಅಂತರ ಹೇಳು."

ರಾಮಣ್ಣ ಗೋಡೆ ಕಡೆ ತಿರುಗಿ ಮಲಗಿದ. ಪ್ರಿಯಾಗೆ ಅಪ್ಪನ ಮೇಲೆ ಸಿಟ್ಟು ಬಂತು, ಅಪ್ಪನ ಬಾಯಿಂದ ಆ ಮಾತು ಹೊರಡಿಸಲು ಕೂತವರ ಮೇಲೆ ಅದರ ಎರಡರಷ್ಟು ಬಂತು. ಕಾಟಾದ ಮುಂದೆ ಕೂರುವವನ ಹತ್ತಿರ ಇರುವುದಾದರೂ ಏನು, ಅವನ ಬಾಯಿ ಒಂದೇ. ಇಂದು ಎಲ್ಲರ ಮುಂದೆ ಸುಳ್ಳು ಒಪ್ಪಿಕೊಂಡರೆ ನಾಳೆ ಅವನು ಹೇಳಿದ ತೂಕವನ್ನು ಯಾರು ನಂಬಬೇಕು? ಒಪ್ಪಿಕೊಳ್ಳದಿದ್ದರೆ ಕಾಟಾವೇ ಇಲ್ಲ. ಅಪ್ಪನಿಗೆ ಎರಡು ದಾರಿ ಕೊಟ್ಟಿದ್ದರು, ಎರಡರ ಕೊನೆಗೂ ಬಾವಿ ಇತ್ತು.

ಈಗ ಆಟದ ವಿಷಯ. ಅರುಣಕುಮಾರ್ ದಾವಣಗೆರೆಯಿಂದ ಒಂದು ಯುದ್ಧದ ಆಟದ ಸಿ.ಡಿ. ತಂದಿದ್ದ. ವಿದ್ಯಾರ್ಥಿಗಳಿಲ್ಲದ ಹೊತ್ತಿನಲ್ಲಿ, ಎಂದರೆ ಬಹುಪಾಲು ಹೊತ್ತು, ಅವನು ಯಾವುದೋ ದೇಶವನ್ನು ಗೆಲ್ಲುತ್ತಿರುತ್ತಿದ್ದ. ಪ್ರಿಯಾಗೆ ಗೆಲ್ಲುವುದರಲ್ಲಿ ಆಸೆಯಿರಲಿಲ್ಲ. ಅವಳಿಗೆ ಹಿಡಿಸಿದ್ದು ಆ ಆಟದ ಜೊತೆ ಬಂದಿದ್ದ ಎಡಿಟರು. ಅದರಲ್ಲಿ ನಮಗೆ ಬೇಕಾದ ಜಾಗವನ್ನು ನಾವೇ ಕಟ್ಟಬಹುದು: ನೆಲ ಹಾಸಬಹುದು, ಮರ ನೆಡಬಹುದು, ಜನರನ್ನು ನಿಲ್ಲಿಸಬಹುದು, ಬೇಕಾದಲ್ಲಿ ಬೆಂಕಿ ಹಚ್ಚಿ ಹೊಗೆ ಎಬ್ಬಿಸಬಹುದು. ಬೆಂಕಿ ಬಿದ್ದ ಮರುದಿನ ತರಗತಿ ಮುಗಿದ ಮೇಲೆ ಅವಳು ಯಾರ್ಡನ್ನು ಕಟ್ಟಲು ಕೂತಳು. ರಾಶಿ ಎಲ್ಲಿಂದ ಹೇಗೆ ಹತ್ತಿಕೊಂಡಿತೆಂದು ಕಣ್ಣಾರೆ ಕಂಡರೆ ಯಾರ ಕೆಲಸವೆಂದೂ ಕಂಡೀತು ಎಂಬ ಆಸೆ ಅವಳದು.

ಕಟ್ಟುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಆಟ ಮಾಡಿದ ಪುಣ್ಯಾತ್ಮರು ಬೆಂಡಿನ ರಾಶಿಯನ್ನು ಕಂಡವರಲ್ಲ. ಅವರ ಪಟ್ಟಿಯಲ್ಲಿ ಇದ್ದದ್ದು ಫಿರಂಗಿ, ಟ್ಯಾಂಕು, ಮರಳುಮೂಟೆ, ಈಚಲು ಮರ. ಪ್ರಿಯಾ ನಲವತ್ತು ಮರಳುಮೂಟೆಯ ಗೋಡೆಗಳನ್ನು ಒಂದರ ಮೇಲೊಂದು ಪೇರಿಸಿ ರಾಶಿ ಮಾಡಿದಳು. ಬೇವಿನ ಮರದ ಜಾಗದಲ್ಲಿ ಈಚಲು ನಿಂತಿತು. ಕಾಟಾಕ್ಕೆ ಒಂದು ಫಿರಂಗಿ ಇಟ್ಟಳು. ಕಾಳು ಬಿಡಿಸುವ ಯಂತ್ರಕ್ಕೆ ಟ್ಯಾಂಕು. ಜನರಂತೂ ಎಲ್ಲರೂ ಪರದೇಶದ ಸಿಪಾಯಿಗಳೇ, ತಲೆಗೆ ಟೊಪ್ಪಿಗೆ, ಕೈಗೆ ಬಂದೂಕು. ಅಪ್ಪನನ್ನು ಕೂರಿಸೋಣವೆಂದರೆ ಆ ಸೈನ್ಯದಲ್ಲಿ ಕೂರುವವರೇ ಇರಲಿಲ್ಲ. ನಿಲ್ಲುವುದು, ಬಗ್ಗುವುದು, ಮಲಗುವುದು, ಮೂರೇ ಭಂಗಿ. ನಿಂತವರು ಸುಮ್ಮನಿರುವುದಿಲ್ಲ, ತಮ್ಮಷ್ಟಕ್ಕೆ ತಾವು ಎತ್ತಲೋ ಹೊರಟುಬಿಡುತ್ತಾರೆ. ಬಗ್ಗಿಸಲು ಅವಳಿಗೆ ಮನಸ್ಸಾಗಲಿಲ್ಲ. ಅಪ್ಪ ಫಿರಂಗಿಯ ಪಕ್ಕ ಹೊಟ್ಟೆಯ ಮೇಲೆ ಮಲಗಿದ.

ಮುಂದಿನದು ಹೊಗೆ. ಆ ಎಡಿಟರಿನಲ್ಲಿ ಹೊಗೆ ಎಂದರೆ ಚಿತ್ರವಲ್ಲ, ನೂರಾರು ಸಣ್ಣ ಕಣಗಳು, ಒಂದೊಂದು ಕಣಕ್ಕೂ ಒಂದೊಂದು ಜಾತಕ. ಸೆಕೆಂಡಿಗೆ ಎಷ್ಟು ಹುಟ್ಟಬೇಕು, ಹುಟ್ಟಿದ್ದು ಎಷ್ಟು ಹೊತ್ತು ಬದುಕಬೇಕು, ಹುಟ್ಟುವಾಗ ಯಾವ ಬಣ್ಣ, ಸಾಯುವಾಗ ಯಾವ ಬಣ್ಣ, ಎಷ್ಟು ಬೇಗ ಮೇಲೇರಬೇಕು, ಏರುತ್ತ ಎಷ್ಟು ದಪ್ಪಗಾಗಬೇಕು, ಗಾಳಿಯ ಮಾತನ್ನು ಎಷ್ಟು ಕೇಳಬೇಕು. ಪ್ರತಿಯೊಂದಕ್ಕೂ ಒಂದು ಅಂಕಿ ತುಂಬಬೇಕು. ಮೊದಲ ಸಂಜೆ ಅವಳು ಧಾರಾಳವಾಗಿ ಐನೂರು ಕಣ ಹುಟ್ಟಿಸಿ ಐದೈದು ನಿಮಿಷ ಆಯುಷ್ಯ ಕೊಟ್ಟಳು. ಸಾಯುವವರಿಲ್ಲದೆ ಹುಟ್ಟುವವರೇ ಆಗಿ, ಪರದೆ ಪೂರ್ತಿ ಬೆಳ್ಳಗಾಗಿ, ಕಂಪ್ಯೂಟರು ಅಲ್ಲಾಡದೆ ಕೂತುಬಿಟ್ಟಿತು. ಅರುಣಕುಮಾರ್ ಓಡಿಬಂದು ಡಬ್ಬಿಯ ಹಿಂದೆ ಮೂಗಿಟ್ಟು, ನಿಜವಾಗಿಯೇ ಸುಟ್ಟಿತೇನೋ ಎಂದು ಮೂಸಿ ನೋಡಿದ.

"ಏನ್ ಮಾಡಾಕ ಹತ್ತೀರಿ ಪ್ರಿಯಾ ಮೇಡಂ?"

"ನಿಮ್ಮ ಯಾರ್ಡಿಗೆ ಬೆಂಕಿ ಹಚ್ಚೀನಿ ಸರ್."

ಅವನಿಗೆ ನಗು ಬಂತು. ಅಪ್ಪನ ಮಾತನ್ನು ಎದುರಾಡುವ ಧೈರ್ಯ ಅವನಿಗಿರಲಿಲ್ಲ, ಆದರೆ ಆಟದಲ್ಲಿ ತನಗೆ ಬಾರದ್ದು ಇವಳಿಗೆ ಬರುತ್ತದೆ ಎಂಬ ಗೌರವವಿತ್ತು. "ಚಲೋ ಹಚ್ರಿ" ಎಂದು ಹೋದ.

ಮೂರನೇ ದಿನ ಹೊಗೆ ಹೊಗೆಯಂತೆ ಕಾಣತೊಡಗಿತು. ಬುತ್ತಿ ಕೊಡಲು ಬಂದ ಮಾಳಮ್ಮ ಮಗಳ ಬೆನ್ನ ಹಿಂದೆ ನಿಂತು ನೋಡಿದಳು. ಕಂಪ್ಯೂಟರನ್ನು ಅಷ್ಟು ಹತ್ತಿರದಿಂದ ಅವಳು ನೋಡಿದ್ದು ಅದೇ ಮೊದಲು. ಅದರ ಬಗ್ಗೆ ಒಂದು ಮಾತೂ ಆಡದೆ, "ಇದು ಟಯರ್ ಸುಟ್ಟ ಹೊಗಿ. ಬೆಂಡಿನ ಹೊಗಿ ಇಷ್ಟು ಕರ್ರಗ ಇರಂಗಿಲ್ಲ" ಎಂದಳು. ಬಣ್ಣ ಬದಲಾಯಿಸಿದರೆ, "ನಾವು ಓಡಿಬಂದಾಗ ಉರಿ ಮನಿ ಎತ್ತರ ಇತ್ತು, ಕೆಳಗ ಕೆಂಪು, ಮ್ಯಾಲ ಹಳದಿ" ಎಂದಳು. ಚಹಾ ತಂದವನು ಬಂದು, "ರಸ್ತಿಯಿಂದ ಕಂಡಾಗ ಬಾಗಿತ್ತು, ನೆಟ್ಟಗಿರಲಿಲ್ಲ" ಎಂದ. ಕೀಲಿ ಕೇಳಲು ಬಂದ ಪಕ್ಕೀರಪ್ಪ ಕೀಲಿ ಮರೆತು ಅರ್ಧ ಗಂಟೆ ನಿಂತ. "ನಾನು ಬಂದಾಗ ಆಗಲೇ ನೆತ್ತಿತನಕ ಏರಿತ್ತು. ನೆತ್ತಿ ಸುಡಾಕ ಹತ್ತಿದ್ರ ಹೊಗಿ ಸುರುಳಿ ಸುರುಳಿ ಬರತೈತಿ ತಂಗಿ. ಹಿಂಗ ಕಂಬದಂಗ ಅಲ್ಲ."

ಅವತ್ತು ಪ್ರಿಯಾ ಮನೆಗೆ ನಡೆಯುತ್ತ ಒಂದು ಸಂಗತಿ ಗಮನಿಸಿದಳು. ತಪ್ಪು ಹೊಗೆಯನ್ನು ನೋಡಿ ಬಾಯಿ ಮುಚ್ಚಿಕೊಂಡು ಹೋದವರು ಒಬ್ಬರೂ ಇಲ್ಲ. ಅದಲ್ಲದೆ ಒಬ್ಬೊಬ್ಬರೂ ತಿದ್ದಿದ್ದು ತಾವು ಕಂಡದ್ದನ್ನೇ. ಕೊನೆಗೆ ಬಂದವರು ಕೊನೆಯ ಹೊಗೆಯನ್ನು, ದೂರದಿಂದ ಕಂಡವರು ದೂರದ ಹೊಗೆಯನ್ನು, ಮೊದಲು ಬಂದ ಪಕ್ಕೀರಪ್ಪ ನೆತ್ತಿಯ ಹೊಗೆಯನ್ನು. ಅದಕ್ಕಿಂತ ಹಿಂದಿನ ಹೊಗೆ, ಬೆಂಕಿ ಹುಟ್ಟಿದಾಗಿನದು, ಯಾರ ಬಾಯಲ್ಲೂ ಬರಲಿಲ್ಲ. ಅದನ್ನು ಕಂಡವನು ಊರಿನಲ್ಲಿ ಒಬ್ಬನಿದ್ದಾನೆ. ಅವನೂ ಹರಪನಹಳ್ಳಿಯವನೇ ತಾನೆ, ಅವನಿಗೂ ತಡೆಯಲಾಗುವುದಿಲ್ಲ ಎಂದುಕೊಂಡಳು.

ಅಲ್ಲಿಂದ ಅವಳ ಕೆಲಸ ಉಲ್ಟಾ ತಿರುಗಿತು. ಇಷ್ಟು ದಿನ ಹೊಗೆಯನ್ನು ಸರಿ ಮಾಡಲು ಒದ್ದಾಡಿದವಳು ಈಗ ಕೆಡಿಸಲು ಕೂತಳು. ಬಣ್ಣ ಡಾಂಬರಿನಂತೆ ಕಪ್ಪಗೆ, ಗಾಳಿ ಸೊನ್ನೆ, ಹುಟ್ಟಿದ ಕ್ಷಣದಲ್ಲೇ ಮೂರಾಳು ದಪ್ಪ, ಶುರುವಾಗುತ್ತಲೇ ಆಳೆತ್ತರದ ಉರಿ. ಎಲ್ಲಕ್ಕಿಂತ ಹೆಚ್ಚಾಗಿ, ಬೆಂಕಿ ಹುಟ್ಟುವ ಜಾಗವನ್ನು ತಂದು ಫಿರಂಗಿಯ ಪಕ್ಕ, ಮಲಗಿದ ಅಪ್ಪನ ಮಗ್ಗುಲಿಗೇ ಇಟ್ಟಳು. ಇಡೀ ಜಿಲ್ಲೆಯಲ್ಲಿ ಅಷ್ಟು ಕೆಟ್ಟ ಹೊಗೆ ಇರಲಿಲ್ಲ. ನೋಡಿ ಅವಳಿಗೇ ಮೈ ಉರಿಯಿತು.

ಹೆದರಿಕೆಯೂ ಆಯಿತು. ಭಾನುವಾರ ಯಾರೂ ಬಾಯಿ ಬಿಡದಿದ್ದರೆ ಅಪ್ಪನ ತಪ್ಪನ್ನು ಮಗಳೇ ಬಣ್ಣ ಹಚ್ಚಿ ತೋರಿಸಿದಂತೆ. ಇದನ್ನು ಅವಳು ಅರುಣಕುಮಾರ್‌ಗೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಯಾರ್ಡಿನಲ್ಲಿ ಸೇರಿದರು. ಅರುಣಕುಮಾರ್ ತಂದೆಯ ಹತ್ತಿರ ಹೋಗಿ, "ಪ್ರಿಯಾ ಮೇಡಂ ಬೆಂಕಿ ಬಿದ್ದದ್ದು ಪೂರಾ ಕಂಪ್ಯೂಟರಿನಾಗ ಮಾಡ್ಯಾರ. ಮೊದಲು ಅದನ್ನ ನೋಡೋಣ, ಆಮ್ಯಾಲ ರಾಮಣ್ಣ ಹೇಳ್ತಾನ" ಎಂದ. ಮಗನ ಕಂಪ್ಯೂಟರುಗಳೆಂದರೆ ಉಜ್ಜಿನಪ್ಪನಿಗೆ ಎಲ್ಲಿಲ್ಲದ ಹೆಮ್ಮೆ. ಎಲ್ಲರನ್ನೂ ಅವರೇ ಮುಂದಾಗಿ ಒಳಗೆ ಕರೆತಂದು ತಿರುಗುವ ಕುರ್ಚಿಯಲ್ಲಿ ಕೂತರು. ದಾಕ್ಷಾಯಣಮ್ಮ ಪಕ್ಕದ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು ಕೂತರು. ಪಕ್ಕೀರಪ್ಪ ಮತ್ತು ಐದು ಜನ ಹಮಾಲರು ಗೋಡೆಗೆ ನಿಂತರು. ರಾಮಣ್ಣ ಬಾಗಿಲ ಬಳಿ ನಿಂತ, ಮಾಳಮ್ಮ ಅವನ ಹಿಂದೆ.

ಯಾರ್ಡು ಪರದೆಯ ಮೇಲೆ ಬಂತು.

"ಆ ತೋಪು ಯಾಕ?" ಎಂದು ಒಬ್ಬ ಹಮಾಲ ಕೇಳಿದ.

"ಅದು ಕಾಟಾ" ಎಂದಳು ಪ್ರಿಯಾ.

"ಟೊಪಿಗಿ ಹಾಕ್ಕೊಂಡು ಮಕ್ಕೊಂಡಾವ ಯಾರು?"

"ಅಪ್ಪ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ರಾಮಣ್ಣ ಪರದೆಯನ್ನು ದಿಟ್ಟಿಸಿ, "ಕೆಲಸದ ಹೊತ್ತಿನ್ಯಾಗ ನಾನು ಯಾವತ್ತು ಮಕ್ಕೊಂಡೀನವ್ವ" ಎಂದ. ಅವನ ದನಿಯಲ್ಲಿ ನೋವಿತ್ತು. ಪ್ರಿಯಾ ಅವನ ಮುಖ ನೋಡದೆ ಗುಂಡಿ ಒತ್ತಿದಳು.

ಮಲಗಿದ ಸಿಪಾಯಿಯ ಮಗ್ಗುಲಲ್ಲಿ ಭುಗ್ ಎಂದು ಆಳೆತ್ತರದ ಉರಿ ಎದ್ದಿತು. ಅದರ ಮೇಲೆ ಕಪ್ಪು ಹೊಗೆ ಕಂಬದಂತೆ ನೆಟ್ಟಗೆ ನಿಂತಿತು. ಉಜ್ಜಿನಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ನೋಡ್ರಿ, ಮಗಳೇ ತೋರಿಸ್ಯಾಳ. ಇನ್ನೇನು ಬೇಕು" ಎಂದರು. ಮಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಾಮಣ್ಣ ಮಗಳ ಬೆನ್ನನ್ನೇ ನೋಡುತ್ತಿದ್ದ. ಆ ನೋಟ ಬೆನ್ನಿಗೆ ತಾಗುತ್ತಿರುವುದು ಪ್ರಿಯಾಗೆ ಗೊತ್ತಾಗುತ್ತಿತ್ತು. ಹತ್ತು ದಿನದಲ್ಲಿ ಅವಳಿಗೆ ಅಷ್ಟು ಸಂಕಟವಾದದ್ದು ಆಗಲೇ.

"ಬೆಂಡಿನ ಹೊಗಿ ಹಿಂಗಿರಂಗಿಲ್ಲ" ಎಂದ ಪಕ್ಕೀರಪ್ಪ.

"ಹೆಂಗಿರತೈತಿ ಕಾಕಾ?"

"ಆವತ್ತ ಹೇಳಿದ್ನೆಲ್ಲ, ಸುರುಳಿ."

ಪ್ರಿಯಾ ಒಂದು ಅಂಕಿ ಬದಲಿಸಿದಳು. ಇನ್ನೊಬ್ಬ ಹಮಾಲ ಬಣ್ಣಕ್ಕೆ ತಗಾದೆ ತೆಗೆದ. ಅವಳು ಬೇಕೆಂದೇ ನೀಲಿ ಮಾಡಿದಳು. ಗೋಡೆಗೆ ನಿಂತವರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ನೀಲಿ ಸೀಮೆಎಣ್ಣೆಯದು ಎಂದು ಒಬ್ಬ, ಅಲ್ಲ ಹಸಿ ಬೇವಿನದು ಎಂದು ಇನ್ನೊಬ್ಬ. ದಾಕ್ಷಾಯಣಮ್ಮನೂ, ಒಲೆಗೆ ಬೆಂಡು ಹಾಕಿ ಮೂವತ್ತು ವರ್ಷ ಕಣ್ಣು ಉಜ್ಜಿಕೊಂಡವರು, "ಕಣ್ಣಿಗೆ ಹತ್ತೂ ಹೊಗಿ ಬ್ಯಾರೇನ ಇರತೈತಿ" ಎಂದರು. ಉಜ್ಜಿನಪ್ಪನ ಮೊಣಕಾಲು ಅಲ್ಲಾಡತೊಡಗಿತ್ತು. ಪ್ರಿಯಾ ಬೆಂಕಿಯನ್ನು ಮತ್ತೆ ಮೊದಲಿಂದ ಹಚ್ಚಿದಳು. ಮತ್ತೆ ಭುಗ್ ಎಂದಿತು. ಉಜ್ಜಿನಪ್ಪ ಕುರ್ಚಿಯನ್ನು ಅರ್ಧ ತಿರುಗಿಸಿದರು. ಮೂರನೇ ಸಲ ಹಚ್ಚಿದಳು.

"ಸುಮ್ಮಿರ್ರಲೇ, ಒಬ್ಬರಿಗೂ ಗೊತ್ತಿಲ್ಲ" ಎಂದರು ಉಜ್ಜಿನಪ್ಪ.

ಎದ್ದು ಬಂದು ಪರದೆಯ ಗಾಜಿಗೆ ಬೆರಳಿಟ್ಟರು. "ಒಮ್ಮಿಗೇ ಭುಗ್ ಅಂತ ಏಳಾಕ ಇದೇನು ಪೆಟ್ರೋಲೇನು? ಇಲ್ಲಲ್ಲ, ಆ ಕಡಿಗೆ, ಬಾವಿ ಕಡಿಗೆ ಒಯ್ಯಿ. ಇನ್ನೂ ಕೆಳಗ. ಬುಡಕ್ಕ. ಹಾಂ. ಈಗ ಉರಿ ತಗಿ."

"ಉರಿ ಬ್ಯಾಡೇನ್ರಿ?"

"ಐದು ನಿಮಿಷ ಉರಿ ಎಲ್ಲೈತಿ? ಬರೇ ಹೊಗಿ. ತೆಳ್ಳಗ, ಬೆಳ್ಳಗ, ಒಂದೆರಡು ಎಳಿ. ಮ್ಯಾಲ ಏರಂಗಿಲ್ಲ ಅದು, ನೆಲಾ ಹಿಡದು ಹರಿತೈತಿ. ಚಪ್ಪಲಿಲೆ ತುಳಿದ್ರ ಈ ಸಂದ್ಯಾಗ ಹೋಗಿ ಆ ಸಂದ್ಯಾಗ ಬರತೈತಿ. ಆತಪ್ಪ ಆರಿತು ಅನ್ನೋದ್ರಾಗ ಒಂದು ಮೊಳ ಆಚಿಗೆ ಮತ್ತ ಎದ್ದಿತು."

ಪ್ರಿಯಾ ಅವರು ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿದಳು. ಜಾಗ ಬಾವಿಯ ಕಡೆ, ಸೆಕೆಂಡಿಗೆ ಮೂರೇ ಕಣ, ಬಣ್ಣ ಬಿಳಿ, ಏರುವ ವೇಗ ಸೊನ್ನೆ. ಗುಂಡಿ ಒತ್ತಿದಳು. ಮರಳುಮೂಟೆಗಳ ಬುಡದಿಂದ ಒಂದು ಬಿಳಿ ಎಳೆ ಹೊರಬಂದು ನೆಲದ ಮೇಲೆ ಹರಿಯಿತು. ಕೋಣೆಯಲ್ಲಿದ್ದ ಅಷ್ಟೂ ಜನ ಮೂಗರಳಿಸಿದರು. ಅದರಷ್ಟು ಸರಿಯಾದ ಹೊಗೆಯನ್ನು ಆ ಆಟ ಮಾಡಿದವರೂ ಮಾಡಿರಲಿಕ್ಕಿಲ್ಲ.

"ಹಾಂ. ಇದು ನೋಡು ಹೊಗಿ ಅಂದ್ರ" ಎಂದರು ಉಜ್ಜಿನಪ್ಪ, ತೃಪ್ತಿಯಿಂದ.

ಪಕ್ಕೀರಪ್ಪ ಕೆಮ್ಮಿದ.

"ಸಾವ್ಕಾರ್ರ, ಎಲ್ಲಾರಕಿಂತ ಮೊದಲು ಬಂದಾವ ನಾನು. ನಾನು ಬಂದಾಗ ನೆತ್ತಿ ಹತ್ತಿತ್ತು. ಈ ತೆಳ್ಳನ ಹೊಗಿ ನಾನೂ ಕಂಡಿಲ್ಲ."

ದಾಕ್ಷಾಯಣಮ್ಮ ಕುರ್ಚಿಯಿಂದ ಏಳಲಿಲ್ಲ, ದನಿ ಏರಿಸಲಿಲ್ಲ. "ಹನ್ನೊಂದರ ಬಸ್ಸಿಗೆ ಹೋಗಿದ್ರೆಲ್ರಿ. ಬಾವಿ ಕಡಿ ಬುಡದಾಗಿನ ಹೊಗಿ ಕೊಟ್ಟೂರಿಗೆ ಕಾಣತೈತೇನು?"

ಉಜ್ಜಿನಪ್ಪ ಬೆರಳನ್ನು ಗಾಜಿನಿಂದ ತೆಗೆದರು. ಅಲ್ಲಿ ಬೆರಳಿನ ಗುರುತು ಉಳಿಯಿತು. ಬಾಗಿಲ ಕಡೆ ನೋಡಿದರು, ಅಲ್ಲಿ ರಾಮಣ್ಣ ನಿಂತಿದ್ದ.

"ಹನ್ನೊಂದರ ಬಸ್ಸು ತಪ್ಪಿತು" ಎಂದರು. "ಎರಡೂವರಿ ಬಸ್ಸಿಗೆ ಹ್ವಾದೆ. ಹಿಂದಿನ ಗೇಟಿನಿಂದ." ಇಷ್ಟು ಹೇಳಿ ಹೆಂಡತಿಯ ಮುಖ ನೋಡಿದರು. ಆ ಮುಖದಲ್ಲಿ ಉಚ್ಚಂಗಿದುರ್ಗದ ಅಷ್ಟೂ ಮೆಟ್ಟಿಲು ಕಂಡಿರಬೇಕು. "ಒಂದ. ಎರಡು ವರ್ಷಕ್ಕ ಒಂದ ಬೀಡಿ."

"ಎಲ್ಲಿಂದ ಬಂತು ಬೀಡಿ?"

ಅದಕ್ಕೆ ಉತ್ತರ ಬಂದದ್ದು ಬಾಗಿಲಿನಿಂದ. "ನಾನು ಕೊಟ್ಟೆ ಅಮ್ಮಾರ" ಎಂದ ರಾಮಣ್ಣ. "ಗೇಟಿನ ಹೊರಗ ಸೇದ್ರಿ ಅಂದೆ. ರಸ್ತ್ಯಾಗ ಯಾರರ ನೋಡಿ ನಿಮಗ ಹೇಳ್ತಾರಂತ ರಾಶಿ ಹಿಂದಕ ಹ್ವಾದ್ರು. ಯಾರ ಮುಂದೂ ಅನಬ್ಯಾಡ ಅಂದ್ರು. ಆತು ಅಂದೆ."

ಪ್ರಿಯಾ ಕುರ್ಚಿ ತಿರುಗಿಸಿ ಎದ್ದಳು. ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟಿನ ನೀರು. "ಹತ್ತು ದಿನಾ ಅಪ್ಪಾ. ನಿನಗ ಗೊತ್ತಿತ್ತು. ಒಂದು ಮಾತು ನನಗ ಹೇಳಬಾರದಾಗಿತ್ತೇನು?"

"ಅವರು ಸೇದಿದ್ದು ಹೇಳಂಗಿಲ್ಲ ಅಂತ ಮಾತು ಕೊಟ್ಟಿದ್ನೆವ್ವ" ಎಂದ ರಾಮಣ್ಣ, ತೂಕ ಹೇಳುವ ದನಿಯಲ್ಲೇ. "ನಾನು ಹಚ್ಚೀನಿ ಅಂತ ಹೇಳ್ತೀನಿ ಅಂದಿದ್ದಿಲ್ಲ."

ಅಷ್ಟೂ ದಿನ ಉಜ್ಜಿನಪ್ಪ ನಂಬಿಕೊಂಡು ಕೂತಿದ್ದದ್ದು ಏನನ್ನು ಎಂಬುದು ಆಗ ಎಲ್ಲರಿಗೂ ಹೊಳೆಯಿತು. ರಾಮಣ್ಣ ಮಾತಿಗೆ ತಪ್ಪುವವನಲ್ಲ ಎಂಬುದನ್ನು ಊರಿನಲ್ಲಿ ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಇರಲಿಲ್ಲ. ಆ ಧೈರ್ಯದ ಮೇಲೆಯೇ ಅವನನ್ನು ಸುಳ್ಳುಗಾರನನ್ನಾಗಿ ಮಾಡಲು ಹೊರಟಿದ್ದರು. ಅರುಣಕುಮಾರ್ ಕೀಲಿಮಣೆಯ ಧೂಳು ಒರೆಸುವುದಕ್ಕೆ ತೊಡಗಿದ.

"ರಾಮಣ್ಣ ಎಲ್ಲಾರ ಮುಂದ ಒಂದು ಮಾತು ಹೇಳಬೇಕಾಗಿತ್ತೆಲ್ಲ" ಎಂದರು ದಾಕ್ಷಾಯಣಮ್ಮ. "ಅದನ್ನೀಗ ನೀವು ಹೇಳ್ರಿ. ನಮ್ಮ ಆಣಿ ಮಾತು ಆಮ್ಯಾಲ ಮನ್ಯಾಗ ಆಡೋಣ. ಮೊದಲು ಇದು."

"ನನ್ನ ಬೀಡಿಲಿಂದ ಆತು" ಎಂದರು ಉಜ್ಜಿನಪ್ಪ, ನೆಲ ನೋಡುತ್ತ.

"ಕೇಳಿಸಲಿಲ್ರಿ" ಎಂದ ಪಕ್ಕೀರಪ್ಪ. ಮೂರು ಮನೆಯಾಚೆ ಬೀಳುವ ಕಾಳಿನ ಸದ್ದು ಕೇಳುವ ಕಿವಿ ಅವನದು.

"ನನ್ನ ಬೀಡಿಲಿಂದ ಆತು. ರಾಮಣ್ಣಂದು ಏನೂ ತಪ್ಪಿಲ್ಲ. ನಾಳಿಂದ ಬಂದು ಕಾಟಾಕ್ಕ ಕುಂದ್ರಬೇಕು ಅವ."

"ನೋಡ್ತೀನ್ರಿ" ಎಂದ ರಾಮಣ್ಣ. ಹದಿನೆಂಟು ವರ್ಷದಲ್ಲಿ ಸಾವ್ಕಾರರಿಗೆ ಅವನು ಹಾಗೆಂದದ್ದು ಅದೇ ಮೊದಲು. ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪರದೆಯ ಮೇಲೆ ಬಿಳಿ ಎಳೆ ಇನ್ನೂ ಹರಿಯುತ್ತಲೇ ಇತ್ತು. ರಾಮಣ್ಣ ಬಾಗಿಲು ಬಿಟ್ಟು ಒಳಗೆ ಬಂದ, ಮಗಳ ಪಕ್ಕ ನಿಂತ, ಫಿರಂಗಿಯ ಹತ್ತಿರ ಹೊಟ್ಟೆಯ ಮೇಲೆ ಬಿದ್ದುಕೊಂಡಿದ್ದ ಸಿಪಾಯಿಯನ್ನು ಬಹಳ ಹೊತ್ತು ನೋಡಿದ.

"ಇವನ್ನ ಈಗರ ಎಬ್ಬಿಸವ್ವ" ಎಂದ.

ಪ್ರಿಯಾ ಕಣ್ಣೊರೆಸಿಕೊಂಡು ಕೂತಳು. ಸಿಪಾಯಿಯನ್ನು ಆರಿಸಿ, ಮೂರು ಭಂಗಿಗಳಲ್ಲಿ ಮೊದಲನೆಯದನ್ನು ಒತ್ತಿದಳು. ಅವನು ಮಂಡಿಯೂರಿ, ಎದ್ದು, ನೆಟ್ಟಗೆ ನಿಂತ. ಬಂದೂಕನ್ನು ಹೆಗಲಿಗೇರಿಸಿದ. ಆಮೇಲೆ, ಆ ಆಟದಲ್ಲಿ ನಿಂತವರೆಲ್ಲ ಮಾಡುವಂತೆ, ಯಾರಿಗೂ ಹೇಳದೆ ಕೇಳದೆ ಫಿರಂಗಿಯನ್ನು ದಾಟಿ, ಈಚಲು ಮರವನ್ನು ದಾಟಿ, ಗೇಟಿನ ಕಡೆ ನಡೆದುಬಿಟ್ಟ.

"ಎಲ್ಲಿಗೆ ಹೊಂಟ ಇವ?" ಎಂದ ಪಕ್ಕೀರಪ್ಪ.

"ಬೀಡಿ ಸೇದಾಕ" ಎಂದ ರಾಮಣ್ಣ. "ಗೇಟಿನ ಹೊರಗ."